ಮಹಾಮಾರಿಯೂ ಮನೆಯ ಗಂಟೂ

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ ಕಬ್ಬಿನ ಹೊಲಗಳ ನಡುವೆ ನನ್ನ ಸೋದರಮಾವನ ಹಳ್ಳಿಯಿದೆ. 2020ರ ಸೆಪ್ಟೆಂಬರಿನಲ್ಲಿ ಅವರಿಗೆ ಕೊರೊನಾ ತಗಲಿತು. ಮಕ್ಕಳು ಗಾಬರಿಗೊಂಡು, ಸರಕಾರಿ ದವಾಖಾನೆಯ ಮೆಟ್ಟಿಲನ್ನೂ ತುಳಿಯದೆ, ನೆಟ್ಟಗೆ ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಒಯ್ದರು. ಹದಿನಾಲ್ಕು ದಿನಗಳ ಮೇಲೆ ಮಾವ ತಮ್ಮ ಕಾಲಿನಿಂದಲೇ ನಡೆದು ಹೊರಗೆ ಬಂದರು. ಅದು ದೇವರ ದಯೆ, ವೈದ್ಯರ ಶ್ರಮ. ಆದರೆ ಅಷ್ಟು ಹೊತ್ತಿಗೆ ಅವರ ಎತ್ತಿನ ಜೋಡಿ ನೆರೆಯವರ ಕೊಟ್ಟಿಗೆ ಸೇರಿತ್ತು. ಅತ್ತೆಯ ಬಂಗಾರ ಸೊಸಾಯಿಟಿಯಲ್ಲಿ ಒತ್ತೆ ಬಿದ್ದಿತ್ತು.

ನೋಡಲು ಹೋದ ನನ್ನನ್ನು ಮಾವ ಕೇಳಿದ ಮೊದಲ ಮಾತು ಇದು: “ತಮ್ಮಾ, ನೀ ಹಳೇದೆಲ್ಲಾ ಓದಾಂವ. ಹಿಂದಕ ಪ್ಲೇಗ ಬಂದಾಗೂ ಮಂದಿ ಹಿಂಗ ರೊಕ್ಕಾ ಸುರುವತಿದ್ರೇನು?”

ಮಾವನ ಪ್ರಶ್ನೆ ಸರಳವಾಗಿತ್ತು. ಉತ್ತರ ಅಷ್ಟು ಸರಳವಲ್ಲ. ಅದಕ್ಕಾಗಿ ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಹೋಗಬೇಕು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿ ಹಿಡಿದು ತೆಂಕಣಕ್ಕೆ ಇಳಿಯಿತು. 1897–98ರ ಹೊತ್ತಿಗೆ ಬೆಳಗಾವಿ, ಧಾರವಾಡ ಜಿಲ್ಲೆಗಳೂ ಅದರ ಹಿಡಿತಕ್ಕೆ ಸಿಕ್ಕಿದವು. ಗೋಕಾಕ, ಹುಕ್ಕೇರಿಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು; ಮೂಡಲಗಿಯು ಗೋಕಾಕ ತಾಲೂಕಿನಲ್ಲೇ ಇದ್ದಿತು. 1897ರ ಫೆಬ್ರವರಿಯಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾನೂನನ್ನು ಹೊರಡಿಸಿತು. ಪ್ರಯಾಣಿಕರನ್ನು ರೈಲಿನಿಂದ ಇಳಿಸಿ ಪರೀಕ್ಷಿಸುವ, ರೋಗಿಯನ್ನು ಮನೆಯಿಂದ ಒಯ್ದು ಆಸ್ಪತ್ರೆಯಲ್ಲಿರಿಸುವ ಅಧಿಕಾರ ಅದರಿಂದ ಅಧಿಕಾರಿಗಳ ಕೈಗೆ ಬಂದಿತು.

ಜನ ಪ್ಲೇಗಿನ ಆಸ್ಪತ್ರೆಗೆ ಅಂಜುತ್ತಿದ್ದರು. ಆದರೆ ಆ ಅಂಜಿಕೆ ಬಿಲ್ಲಿನದಲ್ಲ. ಒಳಗೆ ಹೋದವನು ತಿರುಗಿ ಬರುವನೇ, ಜಾತಿ ಕೆಡುವುದೇ, ಹೆಣವಾದರೂ ಮನೆಯವರ ಕೈಗೆ ಸಿಗುವುದೇ ಎಂಬ ಅಂಜಿಕೆ. ಪುಣೆಯಲ್ಲಿ ಲೋಕಮಾನ್ಯ ಟಿಳಕರು ಹಿಂದೂಗಳಿಗೆಂದು ಪ್ರತ್ಯೇಕ ಪ್ಲೇಗ್ ಆಸ್ಪತ್ರೆಯನ್ನು ತೆರೆಯಲು ಮುಂದಾದುದು ಈ ಅಂಜಿಕೆಯನ್ನು ಅರಿತೇ. ಅದೇ ವರ್ಷ ಮಾರ್ಚ್ 10ರಂದು, ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗಲಿ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡರು. ಹುಬ್ಬಳ್ಳಿಯಲ್ಲಿ 1898ರಲ್ಲಿ ಹಾಫ್ಕಿನ್ ಅವರ ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಲಾಯಿತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು, ಸುಗ್ಗಿ ತಪ್ಪಿದ್ದು, ಹಾಸಿಗೆ ಬಟ್ಟೆ ಸುಟ್ಟದ್ದು, ಇವೇ ಒಕ್ಕಲು ಮನೆಯವರು ತೆತ್ತ ಬೆಲೆ.

1918ರ ಇನ್‌ಫ್ಲುಯೆಂಜಾದ ಕಥೆಯೇ ಬೇರೆ. ಗಡಿಯಾಚೆಯ ಮರಾಠಿಗರು ಅದನ್ನು ‘ಮಾನಮೋಡಿ’, ಎಂದರೆ ಕತ್ತು ಮುರಿಯುವ ಬೇನೆ, ಎಂದು ಕರೆದರು. ಮುಂಬಯಿ ಇಲಾಖೆಯೊಂದರಲ್ಲಿಯೇ ಅದು 10 ಲಕ್ಷಕ್ಕೂ ಮಿಕ್ಕಿ ಜನರನ್ನು ನುಂಗಿತು. ಆ ವರ್ಷ ಮಳೆಯೂ ಕೈಕೊಟ್ಟಿತು; ಕಾಳಿನ ಬೆಲೆ ಏರಿತು; ಎಷ್ಟೋ ಮಂದಿ ವೈದ್ಯರು ಮಹಾಯುದ್ಧದ ಸೇವೆಯಲ್ಲಿದ್ದರು. ಹಳ್ಳಿಗನ ಪಾಲಿಗೆ ಆಸ್ಪತ್ರೆಯೇ ಇರಲಿಲ್ಲವಾದ ಮೇಲೆ ಬಿಲ್ಲು ಎಲ್ಲಿಂದ ಬರಬೇಕು? 1921ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ 1911ಕ್ಕಿಂತ ಇಳಿದಿತ್ತು. ಅಂಥ ಇಳಿತ ಇಂದಿನವರೆಗಿನ ಜನಗಣತಿಗಳಲ್ಲಿ ಮತ್ತೊಂದು ಸಿಗುವುದಿಲ್ಲ.

ಆದುದರಿಂದ, ಹಳೆಯ ಕಾಲವೇ ಚೆನ್ನಾಗಿತ್ತೆಂದು ಯಾರೂ ನಿಟ್ಟುಸಿರು ಬಿಡಬೇಕಾಗಿಲ್ಲ. ಅಂದು ರೋಗಿ ದುಡ್ಡು ಉಳಿಸಿಕೊಂಡು ಜೀವ ಕಳೆದುಕೊಂಡನು. ಇಂದು ಆಸ್ಪತ್ರೆಯಿದೆ, ಆಮ್ಲಜನಕವಿದೆ, ಯಂತ್ರವಿದೆ. ಜೀವ ಉಳಿಯುವ ಸಂಭವವಿದೆ. ಪ್ರಶ್ನೆ ಇಷ್ಟೇ: ಉಳಿದ ಜೀವದ ಬೆಲೆಯನ್ನು ಕೊಡುವವರು ಯಾರು?

ಕರ್ನಾಟಕ ಸರಕಾರ ಇದಕ್ಕೆ ಉತ್ತರ ಕೊಡದೆ ಇರಲಿಲ್ಲ. 2020ರ ಜೂನ್ 23ರ ಆದೇಶದಲ್ಲಿ ಖಾಸಗಿ ಆಸ್ಪತ್ರೆಗಳ ಕೊರೊನಾ ಚಿಕಿತ್ಸೆಗೆ ದರ ಗೊತ್ತುಮಾಡಿತು. ತಾವಾಗಿ ಹೋಗಿ ಸೇರಿದವರಿಗೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 10,000 ರೂಪಾಯಿ. ವೆಂಟಿಲೇಟರ್ ಸಹಿತ ತುರ್ತುನಿಗಾ ಘಟಕಕ್ಕೆ 25,000 ರೂಪಾಯಿ. ಸರಕಾರಿ ಆರೋಗ್ಯ ಅಧಿಕಾರಿಗಳೇ ಕಳಿಸಿದ ರೋಗಿಗಾದರೆ ಕ್ರಮವಾಗಿ 5,200 ಮತ್ತು 10,000; ಅದನ್ನೂ ರೋಗಿಯ ಪರವಾಗಿ ಸರಕಾರವೇ ಕಟ್ಟುವ ಏರ್ಪಾಟು.

ಈ ಅಂಕಿಗಳನ್ನು ನಮ್ಮ ಕಡೆಯ ತಕ್ಕಡಿಯಲ್ಲಿ ತೂಗಿ ನೋಡೋಣ. 2020–21ರ ಹಂಗಾಮಿಗೆ ಕೇಂದ್ರ ಸರಕಾರ ಕಬ್ಬಿಗೆ ಗೊತ್ತುಮಾಡಿದ ಬೆಲೆ ಕ್ವಿಂಟಲಿಗೆ 285 ರೂಪಾಯಿ, ಎಂದರೆ ಟನ್ನಿಗೆ 2,850. ವೆಂಟಿಲೇಟರಿನಲ್ಲಿ ಹತ್ತು ದಿನ ಮಲಗಿದವನ ಬಿಲ್ಲು ಎರಡೂವರೆ ಲಕ್ಷ; ಅದು ಸುಮಾರು 88 ಟನ್ ಕಬ್ಬಿನ ಬೆಲೆ. ಬೀಜ, ಗೊಬ್ಬರ, ಕೂಲಿಯ ಖರ್ಚನ್ನು ಇನ್ನೂ ಕಳೆದಿಲ್ಲ. ಅದೇ ರೋಗಿ ಸರಕಾರಿ ಚೀಟಿ ಹಿಡಿದು ಹೋಗಿದ್ದರೆ ಕಬ್ಬಿನ ಒಂದು ಗಣಿಕೆಯನ್ನೂ ಮಾರಬೇಕಾಗಿರಲಿಲ್ಲ. ಎರಡಕ್ಕೂ ನಡುವಿನ ಅಂತರ ಒಂದು ಚೀಟಿ.

ಸಹಕಾರದ ದಾರಿಯೂ ನಮ್ಮವರಿಗೆ ಹೊಸದಲ್ಲ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ಹಳ್ಳಿಗಳಿಗೆ ಬೆಳಕು ಹಂಚುತ್ತ ಬಂದಿದೆ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿ ಸಂಘದ ರೈತ ತಿಂಗಳಿಗೆ 5 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ಖರ್ಚಿನಿಂದ ಪಾರಾಗುತ್ತಿದ್ದನು. 2018ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾಯಿತು. ಮತ್ತೆ ಆರಂಭವಾಗುವ ಹೊತ್ತಿಗೆ ಮಹಾಮಾರಿಯ ದೊಡ್ಡ ಅಲೆಗಳು ಸರಿದುಹೋಗಿದ್ದವು.

ಇಷ್ಟನ್ನೂ ನಾನು ಮಾವನಿಗೆ ತಿಳಿಯುವ ಹಾಗೆ ಹೇಳಿದೆನು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಗೆ, “ಹಂಗಾರ ಆ ಚೀಟಿ ಸುದ್ದಿ ನಮಗ ಯಾರೂ ಯಾಕ ಹೇಳಲಿಲ್ಲೋ ತಮ್ಮಾ?” ಎಂದರು.

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ನನಗೆ ತಲೆಯೆತ್ತಲಾಗಲಿಲ್ಲ. ಜೂನ್ ತಿಂಗಳಲ್ಲಿಯೇ ಆ ದರಪಟ್ಟಿಯನ್ನು ನಾನು ಪತ್ರಿಕೆಯಲ್ಲಿ ಓದಿದ್ದೆನು. ಸಹೋದ್ಯೋಗಿಗಳ ಮುಂದೆ ಅದರ ಗುಣದೋಷಗಳನ್ನು ಚರ್ಚಿಸಿಯೂ ಇದ್ದೆನು. ಹಳ್ಳಿಗೊಂದು ಫೋನು ಮಾಡಿ ಹೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ಆದೇಶ ಹೊರಡಿಸುವುದು ಸರಕಾರದ ಕೆಲಸ, ನಿಜ. ಅದು ಬೇಕಾದವನ ಕಿವಿಗೆ ಮುಟ್ಟಿತೋ ಇಲ್ಲವೋ ಎಂದು ನೋಡುವುದು ಓದಬಲ್ಲವರೆಲ್ಲರ ಕೆಲಸವೂ ಹೌದು. ಮುಂದಿನ ಮಾರಿ ಬರುವ ಮುನ್ನ ಆ ಪಟ್ಟಿ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ, ಪ್ರತಿ ಸೊಸಾಯಿಟಿಯ ಬಾಗಿಲಲ್ಲಿ ತಿಳಿಗನ್ನಡದಲ್ಲಿ ಇರಬೇಕು.

ಮಾವ ಮರುವರ್ಷ ಎತ್ತು ಕೊಂಡರು. ಜೋಡಿಯಲ್ಲ, ಒಂದು.