ಚರ್ಚಿಗೆ ಬಂದ ಕನ್ನಡದ ನಡೆ

ವಾಚಕರೆ, ಬಾನುಲಿಯಲ್ಲಿ ಗಮಕ ಬಂದಾಗ ಷಟ್ಪದಿಯ ನಡೆಗೆ ನಿಮ್ಮ ಬೆರಳು ತಾನಾಗಿಯೇ ತಾಳ ಹಾಕುತ್ತದಲ್ಲವೆ? ಇಂಥ ಕಿವಿಯುಳ್ಳ ಜನರ ಮುಂದೆ ಜರ್ಮನ್ ರಾಗಕ್ಕೆ ಕೂಡಿಸಿದ ಕನ್ನಡ ಕೀರ್ತನೆಯನ್ನು ಹಾಡಿದರೆ ಹೇಗಿದ್ದೀತು! ಗುರುವಿರುವಲ್ಲಿ ರಾಗ ಓಡುತ್ತದೆ, ಲಘುವಿರುವಲ್ಲಿ ಎಳೆಯುತ್ತದೆ. 19ನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಪಾದ್ರಿಗಳಿಗೆ ಎದುರಾದ ತೊಡಕುಗಳಲ್ಲಿ ಇದೂ ಒಂದು.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷಗಳ ಬಳಿಕ ಬಂದ ಹೆರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ್ದು ನಿಮಗೆ ಗೊತ್ತೇ ಇದೆ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಇವನ್ನೂ ಅವರು ಅಚ್ಚು ಹಾಕಿಸಿದರು. ಮತಪ್ರಚಾರಕ್ಕೆ ಬಂದವರಿಗೆ ಈ ಕೆಲಸವೇಕೆ ಎಂದು ಕೇಳಬಹುದು. ಜನರ ಮನಸ್ಸು ಯಾವ ನುಡಿಯಲ್ಲಿ ಕರಗುತ್ತದೆಂಬುದನ್ನು ತಿಳಿಯದೆ ಅವರೊಡನೆ ಮಾತನಾಡುವುದೆಂತು?

1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರು ಇನ್ನೂ ಮುಂದೆ ಹೋದರು. 1862ರ ಅವರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆ ನಮ್ಮ ಹಾಡಿಕೆಗೆ ಒಗ್ಗುವ ಕನ್ನಡ ಪದ್ಯವಾಯಿತು. ಆದರೂ ಅವರಿಗೆ ತೃಪ್ತಿಯಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ, 1894ರಲ್ಲಿ ಆ ಮಹಾ ನಿಘಂಟು. ಲಘು ಗುರುಗಳನ್ನು ಎಣಿಸಲು ಇಂದಿನ ನಮ್ಮ ಹುಡುಗರೇ ಗೊಣಗುತ್ತಾರೆ! ನಿಘಂಟಿನ ಕಿಟ್ಟೆಲರನ್ನು ಹೊಗಳುವ ನಾವು ‘ಕಥಾಮಾಲೆ’ಯ ಕಿಟ್ಟೆಲರನ್ನು ಮರೆತಿದ್ದೇವೆ, ನನ್ನ ಎಣಿಕೆಯಲ್ಲಿ ಇದು ಸರಿಯಲ್ಲ.

ಬೆಂಗಳೂರಿನಲ್ಲಿಯೂ ಇಂಥದೇ ಕಥೆ. ಹೊಸಹಳ್ಳಿಯಿಂದ ನೀವು ಪೇಟೆಗೆ ಹೋದಾಗ ಅವೆನ್ಯೂ ರಸ್ತೆಯ ಜನಜಂಗುಳಿಯ ನಡುವೆ ರೈಸ್ ಸ್ಮಾರಕ ಚರ್ಚನ್ನು ನೋಡಿರಬಹುದು. 1837ರಲ್ಲಿ ಈ ಊರಿಗೆ ಬಂದ ಲಂಡನ್ ಮಿಷನ್ನಿನ ಬೆಂಜಮಿನ್ ರೈಸರ ನೆನಪಿನದು ಅದು. ಶಾಸನಗಳ ಬಿ. ಎಲ್. ರೈಸರು ಅವರ ಮಗ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸರೂ ಮಗನೇ. ಇನ್ನೊಂದು ದಿಕ್ಕಿಗೆ, ಕಾರ್ಪೊರೇಷನ್ ಕಟ್ಟಡದ ಬಳಿ, ವೆಸ್ಲಿಯನ್ನರ ಹಡ್ಸನ್ ಸ್ಮಾರಕ ಚರ್ಚು. ಎರಡು ಮಿಷನ್ನುಗಳು, ಎರಡು ಪದ್ಧತಿಗಳು. ಸ್ವಾತಂತ್ರ್ಯ ಬಂದ ಮರು ತಿಂಗಳು, 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಏರ್ಪಟ್ಟಿತು; ಎರಡೂ ಅದರೊಳಗೆ ಸೇರಿದವು. ಪರದೇಶದಲ್ಲಿ ಹುಟ್ಟಿದ ಜಗಳವನ್ನು ಇಲ್ಲಿ ಹೊತ್ತು ತಿರುಗುವುದೇಕೆ ಎಂದು ಇಲ್ಲಿಯವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಕೆಥೊಲಿಕರ ಪೂಜೆ ಮಾತ್ರ ಲ್ಯಾಟಿನ್ನಿನಲ್ಲಿಯೇ ಉಳಿದಿತ್ತು. 1963ರ ಡಿಸೆಂಬರಿನಲ್ಲಿ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. 1967ರಲ್ಲಿ ಅಮಲೋರ್ಪವದಾಸರು ಬೆಂಗಳೂರಿನಲ್ಲಿ ಕೇಂದ್ರವೊಂದನ್ನು ಕಟ್ಟಿ, ಪೂಜಾವಿಧಿಯನ್ನು ಈ ದೇಶದ ರೀತಿಗೆ ಹೊಂದಿಸಹೊರಟರು. 1969ರಲ್ಲಿ ರೋಮಿನ ಒಪ್ಪಿಗೆಯೂ ದೊರೆಯಿತು: ನೆಲದ ಮೇಲೆ ಕೂರಬಹುದು, ಕೈಮುಗಿಯಬಹುದು, ಎಣ್ಣೆಯ ದೀಪ ಹಚ್ಚಬಹುದು, ಆರತಿ ಎತ್ತಬಹುದು. ಕನ್ನಡದ ಮಾತು ಸಲೀಸಾಗಿ ಒಳಬಂದಿತೆನ್ನಬೇಕು. ಆರತಿಯ ತಟ್ಟೆ ಹಾಗೆ ಬರಲಿಲ್ಲ. ನಮ್ಮತನ ಹೋಯಿತೆಂದು ಕ್ರೈಸ್ತರಲ್ಲಿ ಕೆಲವರು ಮುನಿದರು. ನಮ್ಮದನ್ನು ತೆಗೆದುಕೊಂಡರೆಂದು ಹಿಂದೂಗಳಲ್ಲಿ ಕೆಲವರು ಮುನಿದರು.