ಬಳ್ಳಾರಿಯ ಗಡಿ: ಹಂಚಿಕೆಯಾದ ನೆಲ, ಹಂಚಿಕೊಂಡ ನೀರು

ರಾಜ್ಯಗಳ ಗಡಿ ಎಂದೊಡನೆ ನದಿಯೋ ಬೆಟ್ಟವೋ ನೆನಪಾಗುತ್ತದೆ. ಆದರೆ ಬಳ್ಳಾರಿಯಿಂದ ಆಂಧ್ರದ ರಾಯದುರ್ಗಕ್ಕೆ ಹೊರಟವರಿಗೆ ಅಂಥ ದೊಡ್ಡ ಗುರುತೇನೂ ಎದುರಾಗುವುದಿಲ್ಲ. ಅದೇ ಬಯಲು, ಅದೇ ಬಿಸಿಲು; ಎರಡೂ ಕಡೆ ಎರಡೂ ಭಾಷೆ. ಇಲ್ಲಿನ ಗಡಿ ಪ್ರಕೃತಿ ಎಳೆದದ್ದಲ್ಲ. ಅದು ಹಳೆಯ ತಾಲ್ಲೂಕುಗಳ ಎಲ್ಲೆ.

1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದು ಮದ್ರಾಸ್ ಪ್ರಾಂತ್ಯದ ಭಾಗವಾಯಿತು. ಬ್ರಿಟಿಷರಿಗೆ ಬೇಕಿದ್ದುದು ಕಂದಾಯ. ಜನರ ಭಾಷೆ ಯಾವುದೆಂಬುದು ಮುಖ್ಯವಾಗಿರಲಿಲ್ಲ. 1882ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾದ ಮೇಲೂ ಬಳ್ಳಾರಿ ಜಿಲ್ಲೆಯಲ್ಲಿ ಕನ್ನಡ ಮತ್ತು ತೆಲುಗು ಪ್ರದೇಶಗಳು ಒಟ್ಟಿಗೇ ಉಳಿದವು.

ಪ್ರಶ್ನೆ ಎದ್ದದ್ದು 1953ರಲ್ಲಿ, ಆಂಧ್ರ ರಾಜ್ಯ ರಚನೆಯ ಸಂದರ್ಭದಲ್ಲಿ. ಜಿಲ್ಲೆಯನ್ನು ಇಡಿಯಾಗಿ ಕೊಡುವ ಬದಲು ತಾಲ್ಲೂಕುವಾರು ಹಂಚಲಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಹೊಸಪೇಟೆ, ಸಿರುಗುಪ್ಪ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಬಂದವು. ಕಗ್ಗಂಟಾದದ್ದು ಬಳ್ಳಾರಿ ತಾಲ್ಲೂಕು. ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆಯ ನಂತರ ಅದೂ ಮೈಸೂರಿಗೇ ಸೇರಿತು. ವಿಲೀನದ ದಿನ ಅಕ್ಟೋಬರ್ 1. ಆ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬ್ ದಾಳಿಗೆ ಬಲಿಯಾದರು.

ವಿವಾದ ಅಲ್ಲಿಗೇ ಮುಗಿಯಲಿಲ್ಲ. 1955ರಲ್ಲಿ ವರದಿ ನೀಡಿದ ಫಜಲ್ ಅಲಿ ಆಯೋಗ, ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳು ಆಂಧ್ರಕ್ಕೆ ಹೋಗಲಿ ಎಂದಿತು. ಅದರ ದೃಷ್ಟಿ ತುಂಗಭದ್ರಾ ಯೋಜನೆಯ ಮೇಲಿತ್ತು: ಅಣೆಕಟ್ಟು ಹೊಸಪೇಟೆಯ ಬಳಿ, ಆದರೆ ಅದರ ನೀರು ರಾಯಲಸೀಮೆಗೂ ಬೇಕು. ಈ ಶಿಫಾರಸು ಜಾರಿಯಾಗಲಿಲ್ಲ. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ಉದಯಿಸಿದಾಗ ಬಳ್ಳಾರಿ ಅದರಲ್ಲೇ ಇತ್ತು.

ನೆಲ ಹಂಚಿದಷ್ಟು ಸುಲಭವಾಗಿ ನೀರನ್ನು ಹಂಚಲಾಗದು. ಆದ್ದರಿಂದಲೇ 1953ರಲ್ಲಿ ತುಂಗಭದ್ರಾ ಮಂಡಳಿ ರಚನೆಯಾಯಿತು. ಮಂಡಳಿಯ ಕಾಲುವೆಗಳು ಕರ್ನಾಟಕದ ಹೊಲಗಳನ್ನು ದಾಟಿ ಆಂಧ್ರದ ಹೊಲಗಳಿಗೆ ಹರಿಯುತ್ತವೆ. 2014ರಲ್ಲಿ ತೆಲಂಗಾಣ ರಚನೆಯಾಗಿ ಈ ನೀರಿಗೆ ಮೂರನೆಯ ರಾಜ್ಯವೂ ಪಾಲುದಾರನಾಯಿತು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಆತಂಕ ಗಡಿಯ ಎರಡೂ ಬದಿಯ ರೈತರನ್ನು ಕಾಡಿತು. ಅವರ ಅಜ್ಜಂದಿರು ಒಂದೇ ಜಿಲ್ಲೆಯವರಾಗಿದ್ದರು. ಮೊಮ್ಮಕ್ಕಳಿಗೆ ರಾಜ್ಯ ಬೇರೆಯಾದರೂ ಕೆರೆಕಟ್ಟೆಗೆ ಬರುವ ನೀರು ಒಂದೇ.