ಗಾಜಲ್ಲದ ಗಾಜಿನ ಕಥೆ

1/7
ಫ್ರೆಂಡ್ಸ್, ಟೂರಿಂಗ್ ಬೈಕಿನ ವಿಂಡ್‌ಶೀಲ್ಡ್ ಒಡೆದುಹೋಯ್ತು ಅಂದ್ಕೊಳ್ಳಿ. ಹೊಸದು ತರಬೇಕು. ಅಂಗಡಿಯಲ್ಲಿ ನಾವು ಮೊದಲು ನೋಡೋದು ಬಣ್ಣ, ಆಮೇಲೆ ರೇಟು. ನಿಜವಾಗಿ ನೋಡಬೇಕಾದ್ದು ಎರಡೇ: ಯಾವ ವಸ್ತು, ಎಷ್ಟು ಎತ್ತರ. ಎರಡಕ್ಕೂ ಉತ್ತರ ಇತಿಹಾಸದಲ್ಲಿದೆ. ಸ್ವೈಪ್ ಮಾಡ್ತಾ ಬನ್ನಿ.

2/7
1933ರಲ್ಲಿ ಜರ್ಮನಿಯ ಓಟೊ ರೋಮ್ ಅವರ ಕಂಪನಿ ಪ್ಲೆಕ್ಸಿಗ್ಲಾಸ್ ಅನ್ನೋ ಹೆಸರು ನೋಂದಾಯಿಸಿತು. ಇದೇ ಅಕ್ರಿಲಿಕ್. ಗಾಜಿನಷ್ಟೇ ತಿಳಿ, ತೂಕ ಅದರ ಅರ್ಧದಷ್ಟು. ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನಗಳ ಕಾಕ್‌ಪಿಟ್‌ಗೆ ಇದನ್ನೇ ಹಾಕಿದ್ರು. ಗುಂಡು ಬಿದ್ದಾಗ ಅದು ಚೂರುಚೂರಾಗಿ ಪೈಲಟ್‌ಗಳ ಕಣ್ಣಿಗೇ ಹೊಕ್ಕಿತು.

3/7
ಲಂಡನ್ನಿನ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ಒಂದು ವಿಚಿತ್ರ ಗಮನಿಸಿದ್ರು: ಕಣ್ಣೊಳಗೆ ಉಳಿದ ಈ ಚೂರುಗಳನ್ನ ದೇಹ ಹೊರಗಿನ ವಸ್ತು ಅಂತ ವಿರೋಧಿಸ್ತಿರಲಿಲ್ಲ. 1949ರಲ್ಲಿ ಅವರು ಅದೇ ಜಾತಿಯ ಅಕ್ರಿಲಿಕ್‌ನಿಂದ ಮಾಡಿದ ಲೆನ್ಸನ್ನ ಕಣ್ಣಿಗೆ ಕೂರಿಸಿದ್ರು. ನಿಮ್ಮ ಅಜ್ಜಿ ಪೊರೆ ಆಪರೇಷನ್ ಆದ್ಮೇಲೆ ಪೇಪರ್ ಓದ್ತಿದ್ರೆ, ಅದಕ್ಕೆ ಮೂಲ ಈ ಕಥೆ! ಆದ್ರೆ ಬೈಕ್ ಓಡಿಸೋರಿಗೆ ಇದರಲ್ಲೊಂದು ಎಚ್ಚರಿಕೆಯೂ ಇದೆ. ಅಕ್ರಿಲಿಕ್ ಜೋರಾಗಿ ಪೆಟ್ಟು ತಿಂದ್ರೆ ಚೂಪಾದ ಚೂರಾಗುತ್ತೆ.

4/7
1953ರಲ್ಲಿ ಜರ್ಮನಿಯ ಬೇಯರ್‌ನಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್, ಇಬ್ಬರೂ ಬೇರೆಬೇರೆಯಾಗಿ ಪಾಲಿಕಾರ್ಬೊನೇಟ್ ಕಂಡುಹಿಡಿದ್ರು. ಚಂದ್ರನ ಮೇಲೆ ನಡೆದ ಅಪೊಲೊ ಯಾತ್ರಿಗಳ ತಲೆ ಮೇಲಿದ್ದ ಪಾರದರ್ಶಕ ಬುರುಡೆ ಇದರದ್ದೇ. ಲಾರಿ ಚಕ್ರದಿಂದ ಕಲ್ಲು ಹಾರಿ ಬಂದ್ರೂ ಸುಲಭಕ್ಕೆ ಒಡೆಯಲ್ಲ. ದೌರ್ಬಲ್ಯ ಎರಡು. ಬೇಗ ಗೀರು ಬೀಳುತ್ತೆ, ಹಾಗಾಗಿ ಹಾರ್ಡ್ ಕೋಟಿಂಗ್ ಇರೋದನ್ನೇ ಕೇಳಿ ತಗೊಳ್ಳಿ. ಪೆಟ್ರೋಲ್, ಅಮೋನಿಯಾ ಇರೋ ಕ್ಲೀನರ್ ತಾಗಿದ್ರೆ ಸಣ್ಣ ಬಿರುಕು ಬಿಡುತ್ತೆ. ತೊಳೆಯೋಕೆ ನೀರು, ಮೃದುವಾದ ಸೋಪು, ಮೆತ್ತನೆ ಬಟ್ಟೆ ಸಾಕು.

5/7
ಈಗ ಎತ್ತರ. ವೇಗ ಎರಡು ಪಟ್ಟಾದ್ರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತೆ. ಅದಕ್ಕೇ ಇಟಲಿಯ ಮೋಟೊ ಗುಜ್ಜಿ 1950ರಲ್ಲಿ ಮಾಂಡೆಲೊದ ಕಾರ್ಖಾನೆಯಲ್ಲಿ ಗಾಳಿ ಸುರಂಗ ಕಟ್ಟಿತು. ರೇಸ್ ಬೈಕುಗಳಿಗೆ ಮುಂದಿನ ಚಕ್ರವನ್ನೂ ಮುಚ್ಚೋ ದೊಡ್ಡ ಕವಚ ಬಂತು. ವೇಗವೇನೋ ಏರಿತು, ಆದ್ರೆ ಅಡ್ಡಗಾಳಿ ಬೀಸಿದ್ರೆ ಬೈಕನ್ನೇ ಪಕ್ಕಕ್ಕೆ ತಳ್ತಿತ್ತು. 1958ರಿಂದ ರೇಸುಗಳಲ್ಲಿ ಅದಕ್ಕೆ ನಿಷೇಧ ಬಿತ್ತು. ದೊಡ್ಡದಾದಷ್ಟೂ ಒಳ್ಳೇದು ಅನ್ನೋದು ಅಲ್ಲಿಗೇ ಸುಳ್ಳಾಯ್ತು.

6/7
ದೂರ ಪ್ರಯಾಣದವರ ಕೈಗೆ ಈ ಪಾಠ ತಲುಪಿದ್ದು 1970ರ ದಶಕದಲ್ಲಿ. ಅಮೆರಿಕದ ಕ್ರೇಗ್ ವೆಟ್ಟರ್ ಬೇರೆಬೇರೆ ಕಂಪನಿಯ ಬೈಕುಗಳಿಗೆ ಕೂರೋ ವಿಂಡ್‌ಜಾಮರ್ ಮಾಡಿದ್ರು. 1976ರಲ್ಲಿ ಬಿಎಂಡಬ್ಲ್ಯು ಆರ್100ಆರ್‌ಎಸ್ ಕವಚದ ಸಮೇತ ಕಾರ್ಖಾನೆಯಿಂದಲೇ ಬಂತು. 1980ರಲ್ಲಿ ಹೋಂಡಾ ಗೋಲ್ಡ್ ವಿಂಗ್ ಇಂಟರ್‌ಸ್ಟೇಟ್ ಕೂಡ ಹಾಗೇ. ಎದೆಗೆ ಬಡಿಯೋ ಗಾಳಿ ತಪ್ಪಿದ್ರೆ ಸುಸ್ತು ಕಡಿಮೆ. ಸುಸ್ತು ಕಡಿಮೆಯಾದ್ರೆ ಸಂಜೆಯ ಕೊನೇ ಐವತ್ತು ಕಿಲೋಮೀಟರಲ್ಲಿ ಗಮನ ರಸ್ತೆ ಮೇಲಿರುತ್ತೆ.

7/7
ಹಾಗಾದ್ರೆ ಎಷ್ಟೆತ್ತರ? ಹೆಲ್ಮೆಟ್ ಹಾಕ್ಕೊಂಡು, ಓಡಿಸೋವಾಗ ಕೂರೋ ಹಾಗೇ ಕೂತ್ಕೊಳ್ಳಿ. ಶೀಲ್ಡಿನ ಮೇಲಂಚು ನಿಮ್ಮ ಮೂಗಿನ ಮಟ್ಟಕ್ಕಿರಲಿ. ರಸ್ತೆಯನ್ನ ಅದರ ಮೇಲಿಂದ ನೋಡಬೇಕು, ಒಳಗಿಂದಲ್ಲ. ಆಗಸ್ಟ್ ರಾತ್ರಿ ಶಿರಾಡಿ ಘಾಟಿನಲ್ಲಿ ಮಳೆ ಹೊಡೀತಿರುವಾಗ, ಎದುರಿನ ಲಾರಿಯ ಹೈಬೀಮು ಎತ್ತರದ ಕಪ್ಪು ಶೀಲ್ಡಿನ ಹನಿಗಳ ಮೇಲೆ ಬಿದ್ರೆ ಗುಂಡಿಯೂ ಕಾಣಲ್ಲ, ತಿರುವೂ ಕಾಣಲ್ಲ. ಹೆಲ್ಮೆಟ್ ವೈಸರನ್ನ ಕೈಯಲ್ಲಿ ಒರೆಸ್ಕೋಬಹುದು, ಶೀಲ್ಡನ್ನ ಓಡ್ತಾ ಓಡ್ತಾ ಒರೆಸೋಕಾಗಲ್ಲ.

ಕೂರಿಸೋವಾಗ ರಬ್ಬರ್ ವಾಷರ್ ಬಿಡ್ಬೇಡಿ, ಸ್ಕ್ರೂ ಅತಿಯಾಗಿ ಬಿಗೀಬೇಡಿ. ಬಿರುಕು ಸ್ಕ್ರೂ ತೂತಿಂದಲೇ ಶುರುವಾಗೋದು. ಫೋಟೋಗೆ ಕಪ್ಪು ಶೀಲ್ಡ್ ಚೆಂದ, ನಿಜ. ಆದ್ರೆ ಮನೆ ತಲುಪೋಕೆ ಕಣ್ಣಿಗೆ ದಾರಿ ಕಾಣ್ಬೇಕು. ಹೊಸ ಶೀಲ್ಡ್ ತಗೊಳ್ಳೋ ಪ್ಲಾನಲ್ಲಿರೋ ಗೆಳೆಯರಿಗೆ ಇದನ್ನ ಕಳ್ಸಿ.

#ಬೈಕ್_ಇತಿಹಾಸ #ಕನ್ನಡದಲ್ಲಿ_ಓದಿ